ಅರಣ್ಯನಾಶ ಎಂದು ಬರೆಯುವ ಮುನ್ನ

ಶಿರಸಿಯಲ್ಲಿ ಮಕ್ಕಳಿಗೆ ವರದಿ ಬರೆಯುವುದನ್ನು ಕಲಿಸುವಾಗ ನಾನು ಮೊದಲು ಕೇಳುವುದು ಇದನ್ನೇ: ಕಾಡು ಕಡಿದ ಮೇಲೆ ಆ ನೆಲ ಏನಾಯಿತು? ಗಣಿ, ರಸ್ತೆ, ತೋಟ, ಜಲಾಶಯವಾಗಿದ್ದರೆ ‘ಅರಣ್ಯನಾಶ’ ಎಂದೇ ಬರೆಯಿರಿ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ನುಂಗಿದ ಶರಾವತಿ ಕಣಿವೆಯ ಕಾಡಿಗೂ ಅದೇ ಪದ ಸಲ್ಲುತ್ತದೆ. ‘ಮುಳುಗಡೆ’ ಎಂದಷ್ಟೇ ಬರೆದು ಕಾಡನ್ನು ಮರೆಸಬೇಡಿ. ಸಾಲುಮರ ಉರುಳಿದರೆ ‘ಮರ ಕಡಿತ’ ಸಾಕು.

ಸಹಜ ಕಾಡು ಕಡಿದು ಅಕೇಶಿಯಾ ನೆಟ್ಟರೆ? ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಅಂಥ ನೆಡುತೋಪನ್ನೂ ಅರಣ್ಯವೆಂದೇ ಎಣಿಸುತ್ತದೆ. ನಾನು ಒಪ್ಪುವುದಿಲ್ಲ. 1983ರ ಅಪ್ಪಿಕೋ ಚಳವಳಿಯಲ್ಲಿ, ಕಡಿತ ತಡೆಯಲು, ಶಿರಸಿ ಬಳಿಯ ನಮ್ಮ ಸಾಲ್ಕಣಿಯ ಜನ ಅಪ್ಪಿಕೊಂಡದ್ದು ಸಹಜ ಕಾಡಿನ ಮರಗಳನ್ನು. ಅಂಥಲ್ಲಿ ‘ಸಹಜ ಕಾಡಿನ ನಾಶ’ ಎಂದು ಬಿಡಿಸಿ ಬರೆಯಿರಿ. ಎಷ್ಟು ಎಕರೆ, ಯಾವ ಸರ್ವೆ ನಂಬರ್, ಯಾವ ವರ್ಷ ಎಂಬುದನ್ನೂ ಸೇರಿಸಿ.