ಪರೀಕ್ಷೆ ಬಂದರೂ ನಿಲ್ಲಿಸಲಾಗದ ಕೆಲಸ

ಪರೀಕ್ಷೆಯ ವೇಳಾಪಟ್ಟಿ ಬಂದ ವಾರವೇ ವಿದ್ಯಾರ್ಥಿಗಳ ಸಮಾಜಸೇವೆಯ ಯೋಜನೆಗಳು ಮಲಗಿಬಿಡುತ್ತವೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೂ ಮಾತಾಡುವುದಿಲ್ಲ. ಪರೀಕ್ಷೆ ಮುಗಿಯುತ್ತದೆ, ರಜೆ ಬರುತ್ತದೆ, ಮುಂದೆ ನಿಂತು ನಡೆಸುತ್ತಿದ್ದವರು ಕೊನೆಯ ವರ್ಷ ಮುಗಿಸಿ ಹೊರಟುಹೋಗುತ್ತಾರೆ. ಆ ಕೆಲಸವನ್ನು ನಂಬಿಕೊಂಡಿದ್ದವರ ಗತಿ ಏನು ಅಂತ ಕೇಳುವವರೇ ಇರುವುದಿಲ್ಲ.

ವಿಶ್ವವಿದ್ಯಾಲಯದಲ್ಲಿ ಸಾಮಾಜಿಕ ಉದ್ಯಮದ ಕೋರ್ಸ್ ನಡೆಸುವ ನನಗೆ ಇದು ಬಹಳ ಕಾಡಿದ ವಿಷಯ. ಹಾಗಾಗಿ ಕೋರ್ಸನ್ನು ಐಡಿಯಾ ಸ್ಪರ್ಧೆಯ ಸುತ್ತ ಕಟ್ಟಲಿಲ್ಲ. ಮಧ್ಯದಲ್ಲಿ ಬಿಟ್ಟರೆ ಯಾರಿಗೋ ನಿಜವಾಗಿ ತೊಂದರೆಯಾಗುವ ಒಂದು ಕೆಲಸ ಹಿಡಿದೆವು. ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕಗಳನ್ನು ಓದುವ ಹಾಗೆ ಮಾಡಿಕೊಡುವುದು. ನಾಯಕತ್ವ ಅಂತ ನಾನು ಕಲಿಸಿದ್ದೆಲ್ಲ ಈ ಕೆಲಸದ ಒಳಗೇ ಬಂತು.

ಮೊದಲ ತಂಡ ಬಂದದ್ದು ಒಂದು ಆ್ಯಪಿನ ಚಿತ್ರ ಬರೆದುಕೊಂಡು. ಧ್ವನಿಯಲ್ಲಿ ಕೇಳಿದರೆ ಧ್ವನಿಯಲ್ಲೇ ಉತ್ತರ ಕೊಡುವ ಆ್ಯಪ್. ನಾನು ಬೇಡ ಅನ್ನಲಿಲ್ಲ. ಅದನ್ನು ಬಳಸಬೇಕಾದ ವಿದ್ಯಾರ್ಥಿನಿಯ ಪಕ್ಕದಲ್ಲಿ ಒಂದು ಮಧ್ಯಾಹ್ನ ಕೂತು, ಅವರು ಓದುವುದನ್ನು ಸುಮ್ನೆ ನೋಡಿ ಬನ್ನಿ ಅಂದೆ. ಪ್ರಶ್ನೆ ಕೇಳುವುದು ಕೂಡ ಆಮೇಲೆ. ನಾನೂ ಜೊತೆಗೆ ಹೋಗಿದ್ದೆ.

ಆಕೆ ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ ಬಳಸುತ್ತಿದ್ದಳು. 2006ರಲ್ಲಿ ಮೈಕೆಲ್ ಕರ್ರನ್ ಶುರು ಮಾಡಿ, ತನ್ನಂತೆಯೇ ಅಂಧನಾದ ಗೆಳೆಯ ಜೇಮ್ಸ್ ಟೆ ಜೊತೆ ಸೇರಿ ಬೆಳೆಸಿದ ಉಚಿತ ಸ್ಕ್ರೀನ್ ರೀಡರ್ ಅದು. ಪರದೆಯ ಮೇಲಿರುವುದನ್ನು ಓದಿ ಹೇಳುತ್ತದೆ. ಓದಿನ ವೇಗ ನಮ್ಮ ಹುಡುಗರಿಗೆ ಒಂದು ಪದವೂ ಅರ್ಥವಾಗದಷ್ಟು ಜಾಸ್ತಿ. ಆಕೆಗೆ ಅದು ಮಾಮೂಲಿ. ಆಮೇಲೆ ಮೇಷ್ಟ್ರು ಕಳಿಸಿದ್ದ ಒಂದು ಪಿಡಿಎಫ್ ತೆರೆದಳು. ಯಂತ್ರ "ಬ್ಲ್ಯಾಂಕ್" ಅಂದು ಸುಮ್ಮನಾಯಿತು. ಪರದೆ ತುಂಬ ಅಕ್ಷರ ಇದೆ, ಹುಡುಗರಿಗೆ ಕಾಣುತ್ತಿದೆ. ಆದರೆ ಅದು ಪುಸ್ತಕವನ್ನು ಸ್ಕ್ಯಾನ್ ಮಾಡಿದ ಫೋಟೊ. ಸ್ಕ್ರೀನ್ ರೀಡರ್‌ಗೆ ಅದರಲ್ಲಿ ಅಕ್ಷರವೇ ಇಲ್ಲ.

"ಆ್ಯಪ್ ಆಮೇಲೆ ನೋಡೋಣ. ಈ ಅಧ್ಯಾಯ ಸೋಮವಾರದ ಒಳಗೆ ಓದೋ ಹಾಗೆ ಮಾಡಿಕೊಡ್ತೀರಾ? ಬುಧವಾರ ಟೆಸ್ಟ್ ಇದೆ" ಅಂದಳು.

ಆ್ಯಪಿನ ಮಾತು ಅಲ್ಲಿಗೆ ನಿಂತಿತು. ವಾಪಸ್ ಬರುವಾಗ ಹುಡುಗರ ಮಾತೆಲ್ಲ ಸೋಮವಾರದ ಬಗ್ಗೆಯೇ.

ಕೆಲಸ ಹೊರಗಿನಿಂದ ಸುಲಭ ಕಾಣುತ್ತದೆ. ಫೋಟೊದಿಂದ ಅಕ್ಷರ ತೆಗೆಯುವುದಕ್ಕೆ ಒಸಿಆರ್ ತಂತ್ರಾಂಶ ಇದೆ. ಆದರೆ ಅದು ಎರಡು ಕಾಲಂಗಳ ಪುಟವನ್ನು ಒಂದೇ ಸಾಲಾಗಿ ಓದಿಬಿಡುತ್ತದೆ, ಅಡಿಟಿಪ್ಪಣಿಯನ್ನು ವಾಕ್ಯದ ನಡುವೆ ತಂದು ಹಾಕುತ್ತದೆ. ಅದನ್ನೆಲ್ಲ ಮನುಷ್ಯರೇ ತಿದ್ದಬೇಕು. ಶೀರ್ಷಿಕೆಗಳನ್ನು ಶೀರ್ಷಿಕೆ ಅಂತಲೇ ಗುರುತು ಮಾಡಬೇಕು. ಇಲ್ಲದಿದ್ದರೆ ಓದುವವರು ಒಂದು ಭಾಗದಿಂದ ಇನ್ನೊಂದಕ್ಕೆ ಹಾರಲು ಆಗುವುದಿಲ್ಲ, ಮೊದಲಿನಿಂದ ಕೇಳುತ್ತಾ ಕೂರಬೇಕು.

ಚಿತ್ರ, ಗ್ರಾಫ್ ಬಂದಾಗ ನಿಜವಾದ ಕಷ್ಟ. ಅರ್ಥಶಾಸ್ತ್ರದ ಒಂದು ಗ್ರಾಫಿಗೆ ನಮ್ಮ ಹುಡುಗನೊಬ್ಬ "ರೇಖೆ ಮೇಲಕ್ಕೆ ಹೋಗಿ ಕೆಳಗೆ ಬರುತ್ತದೆ" ಅಂತ ಬರೆದಿದ್ದ. ಆಕೆ ಕೇಳಿದ್ದು ಇಷ್ಟು: ಅಡ್ಡ ಅಕ್ಷದಲ್ಲಿ ಏನಿದೆ? ಎಷ್ಟಕ್ಕೆ ಬಂದಾಗ ತಿರುಗುತ್ತದೆ? ಪರೀಕ್ಷೆಯಲ್ಲಿ ನನ್ನನ್ನು ಕೇಳುವುದು ಅದನ್ನೇ ಅಲ್ವಾ? ಆ ಹುಡುಗ ಗ್ರಾಫನ್ನು ತಾನೇ ಮತ್ತೆ ಓದಿ ಅರ್ಥ ಮಾಡಿಕೊಂಡು ಬರೆಯಬೇಕಾಯಿತು. ಬರೆದ. ಸೇವೆ ಮಾಡುವವನ ಖುಷಿಗಿಂತ ಪಡೆಯುವವರ ಅಗತ್ಯ ದೊಡ್ಡದು ಅಂತ ನಾನು ತರಗತಿಯಲ್ಲಿ ಎಷ್ಟು ಹೇಳಿದರೂ ಹೋಗದ ಮಾತು, ಆ ಎರಡು ಪ್ರಶ್ನೆಗಳಿಂದ ಅವನ ತಲೆಗೆ ಹೋಯಿತು.

ಕಾನೂನಿನ ಪ್ರಶ್ನೆಯನ್ನು ವಿದ್ಯಾರ್ಥಿಗಳೇ ಎತ್ತಿದರು. ಬೇರೆಯವರ ಪುಸ್ತಕವನ್ನು ಹೀಗೆ ಪ್ರತಿ ಮಾಡಬಹುದಾ? 2013ರ ಮರ‍್ರಕೇಶ್ ಒಪ್ಪಂದ ಇರುವುದೇ ಇದಕ್ಕೆ. ಮುದ್ರಿತ ಅಕ್ಷರ ಓದಲಾಗದವರಿಗಾಗಿ ಪುಸ್ತಕವನ್ನು ಬೇರೆ ರೂಪಕ್ಕೆ ತರಲು ಹಕ್ಕುಸ್ವಾಮ್ಯದಿಂದ ವಿನಾಯಿತಿ ಕೊಡಬೇಕು ಎನ್ನುವ ಒಪ್ಪಂದ. ಅದನ್ನು ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. 2016ರಲ್ಲಿ ಅದು ಜಾರಿಗೆ ಬಂತು. ಆದರೂ ಫೈಲುಗಳು ಕಂಡಕಂಡಲ್ಲಿ ಹರಿದಾಡಬಾರದು. ಗ್ರಂಥಾಲಯದ ಮೂಲಕ, ಅಗತ್ಯ ಇರುವವರಿಗೆ ಮಾತ್ರ ಕೊಡುವ ವ್ಯವಸ್ಥೆ ಮಾಡಿಕೊಂಡೆವು. ಗ್ರಂಥಪಾಲಕರ ಹತ್ತಿರ ಮಾತಾಡಿ ಒಪ್ಪಿಸಿದವರು ಎರಡನೇ ವರ್ಷದ ಇಬ್ಬರು. ನಾನು ಆ ಕೋಣೆಯೊಳಗೆ ಹೋಗಲಿಲ್ಲ.

ಸಂಯೋಜಕರ ಜವಾಬ್ದಾರಿಯನ್ನು ಎರಡು ವಾರಕ್ಕೊಮ್ಮೆ ಬದಲಿಸುತ್ತೇವೆ. ಚೆನ್ನಾಗಿ ಮಾತಾಡುವವರೇ ಯಾವಾಗಲೂ ಮುಂದಾಳಾಗುತ್ತಾರೆ, ಉಳಿದವರು ಹಿಂದೆ ಕೂತು ಹಾಗೇ ಮೂರು ವರ್ಷ ಕಳೆದುಬಿಡುತ್ತಾರೆ. ಅದನ್ನು ಮುರಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಸಭೆಯಲ್ಲಿ ಬಾಯಿ ಬಿಡದಿದ್ದ ಒಬ್ಬ ಹುಡುಗಿಯ ಸರದಿ ಬಂದಾಗ ಅವಳು ಮಾಡಿದ ಮೊದಲ ಕೆಲಸ ಒಂದು ಶೀಟ್. ಯಾವ ಅಧ್ಯಾಯ ಯಾರ ಹತ್ತಿರ ಇದೆ, ಯಾವಾಗ ಬೇಕು, ಎಲ್ಲಿ ಸಿಕ್ಕಿಕೊಂಡಿದೆ. ತಡ ಮಾಡಿದವರನ್ನು ಸಭೆಯಲ್ಲಿ ಕೇಳುತ್ತಿರಲಿಲ್ಲ. ಹಿಂದಿನ ದಿನವೇ ಫೋನ್ ಮಾಡಿ "ನಿನಗೆ ಏನು ಅಡ್ಡ ಬಂತು, ಅರ್ಧ ನಾನು ಬೇರೆಯವರಿಗೆ ಕೊಡಲಾ?" ಅಂತ ಕೇಳುತ್ತಿದ್ದಳು. ಅವಳ ಅವಧಿಯಲ್ಲಿ ತಡವಾದ ಫೈಲುಗಳು ಕಡಿಮೆಯಾದವು. ಆ ಶೀಟ್ ಈಗಲೂ ಬಳಕೆಯಲ್ಲಿದೆ.

ಸರದಿ ಮುಗಿದ ದಿನ ನಾಲ್ಕು ಪ್ರಶ್ನೆ ಕೇಳಿಕೊಳ್ಳುತ್ತೇವೆ. ಏನಾಗಬೇಕಿತ್ತು? ಏನಾಯಿತು? ಯಾಕೆ ಹಾಗಾಯಿತು? ಮುಂದಿನ ಸಲ ಏನು ಮಾಡೋಣ? ಇದು ಅಮೆರಿಕದ ಸೇನೆಯಲ್ಲಿ ಹುಟ್ಟಿದ ಪದ್ಧತಿ, ಈಗ ಆಸ್ಪತ್ರೆ, ಕಂಪನಿ ಎಲ್ಲ ಕಡೆ ಇದೆ. ಯಾರ ತಪ್ಪು ಅನ್ನುವ ಪ್ರಶ್ನೆ ಆ ನಾಲ್ಕರಲ್ಲಿ ಇಲ್ಲ. ಅದಕ್ಕೇ ಹುಡುಗರು ನಿಜ ಹೇಳುತ್ತಾರೆ.

ಇನ್ನು ದುಡ್ಡಿನ ವಿಷಯ. ಇದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಒಳ್ಳೆಯ ಕೆಲಸಕ್ಕೆ ದುಡ್ಡು ಕೇಳಲು ವಿದ್ಯಾರ್ಥಿಗಳು ನಾಚುತ್ತಾರೆ. ನಾಚಿಕೊಂಡರೆ ಕೆಲಸ ನಿಲ್ಲುತ್ತದೆ. ಲೆಕ್ಕ ಹಾಕಿ ಅಂದಾಗ ಅವರು ತಂದದ್ದು ಸೊನ್ನೆಯ ಲೆಕ್ಕ: ತಂತ್ರಾಂಶ ಉಚಿತ, ನಮ್ಮ ಸಮಯ ಉಚಿತ. ನಿಮ್ಮ ಸಮಯಕ್ಕೆ ಸಂಬಳ ಕೊಡಬೇಕಿದ್ದರೆ ಒಂದು ಪುಟಕ್ಕೆ ಎಷ್ಟಾಗುತ್ತದೆ ಅಂತ ಮತ್ತೆ ಕೂರಿಸಿದೆ. ಗಡಿಯಾರ ಇಟ್ಟುಕೊಂಡು ಅಳೆದರು. ಬರೀ ಗದ್ಯ ಇರುವ ಪುಟಕ್ಕೂ ಕೋಷ್ಟಕ ಇರುವ ಪುಟಕ್ಕೂ ಹಿಡಿಯುವ ಸಮಯದಲ್ಲಿ ಎಷ್ಟು ಅಂತರ ಅಂತ ಆವಾಗಲೇ ತಿಳಿದದ್ದು.

ಹಾಗಾದರೆ ಯಾರು ಕೊಡಬೇಕು? ಇದಕ್ಕೆ ನಾನು ತರಗತಿಯಲ್ಲಿ ಇಡುವುದು ಅರವಿಂದ್ ಕಣ್ಣಾಸ್ಪತ್ರೆಯ ಉದಾಹರಣೆ. ಡಾ. ಗೋವಿಂದಪ್ಪ ವೆಂಕಟಸ್ವಾಮಿ 1976ರಲ್ಲಿ, ನಿವೃತ್ತಿಯ ನಂತರ, ಮಧುರೈಯಲ್ಲಿ 11 ಹಾಸಿಗೆಗಳೊಂದಿಗೆ ಶುರು ಮಾಡಿದ ಆಸ್ಪತ್ರೆ. ಕೊಡಬಲ್ಲವರು ಕೊಟ್ಟ ಹಣದಿಂದ, ಕೊಡಲಾಗದವರಿಗೂ ಅದೇ ವೈದ್ಯರಿಂದ ಶಸ್ತ್ರಚಿಕಿತ್ಸೆ. ಕಣ್ಣಿನೊಳಗೆ ಇಡುವ ಲೆನ್ಸ್ ದುಬಾರಿ ಅನ್ನಿಸಿದಾಗ 1992ರಲ್ಲಿ ಅರೋಲ್ಯಾಬ್ ಕಟ್ಟಿ ತಾವೇ ತಯಾರಿಸಿದರು. ಕರುಣೆ ಇದ್ದಷ್ಟೇ ಲೆಕ್ಕವೂ ಇದ್ದದ್ದರಿಂದ ಅದು ಇವತ್ತಿಗೂ ನಡೆಯುತ್ತಿದೆ.

ಅದರ ಪಕ್ಕದಲ್ಲೇ ಪ್ಲೇಪಂಪ್ ಇಡುತ್ತೇನೆ. ಮಕ್ಕಳು ಆಡುವ ತಿರುಗಣೆಯಿಂದ ನೀರು ಮೇಲೆತ್ತುವ ಯಂತ್ರ. ಆಫ್ರಿಕಾದ ಹಳ್ಳಿಗಳಿಗಾಗಿ 2006ರಲ್ಲಿ ಅದಕ್ಕೆ ಕೋಟ್ಯಂತರ ಡಾಲರ್ ಘೋಷಣೆಯಾಯಿತು. ಕೇಳಿದವರಿಗೆಲ್ಲ ಇಷ್ಟವಾಗುವ ಕಲ್ಪನೆ. ಆದರೆ ಮಕ್ಕಳು ಆಡದ ಹೊತ್ತಿನಲ್ಲಿ ಹೆಂಗಸರೇ ಅದನ್ನು ತಳ್ಳಬೇಕಾಯಿತು, ಕೆಟ್ಟರೆ ಸರಿಮಾಡುವವರು ಸಿಗಲಿಲ್ಲ. ಹಣ ಕೊಟ್ಟ ಕೇಸ್ ಫೌಂಡೇಶನ್ 2010ರಲ್ಲಿ ಇದನ್ನು ಬಹಿರಂಗವಾಗಿ ಒಪ್ಪಿಕೊಂಡಿತು. ಎರಡನ್ನೂ ಓದಿದ ಮೇಲೆ ತಂಡದವರು ಕೇಳುವ ಪ್ರಶ್ನೆಯೇ ಬದಲಾಗುತ್ತದೆ. "ಎಷ್ಟು ಜನಕ್ಕೆ ತಲುಪುತ್ತೇವೆ" ಬದಲು "ಕೆಟ್ಟರೆ ಯಾರಿಗೆ ಫೋನ್ ಮಾಡುತ್ತಾರೆ" ಅಂತ ಕೇಳತೊಡಗುತ್ತಾರೆ.

ನಮ್ಮ ತಂಡ ತಲುಪಿದ ಉತ್ತರ ಇದು: ಓದುವ ವಿದ್ಯಾರ್ಥಿ ಕೊಡಬೇಕಾಗಿಲ್ಲ. ಪಠ್ಯವನ್ನು ಎಲ್ಲರಿಗೂ ತಲುಪಿಸುವ ಹೊಣೆ ವಿಭಾಗಗಳದ್ದು, ಅವು ಕೊಡಬೇಕು. ತಮ್ಮ ದಾಖಲೆಗಳನ್ನು ಎಲ್ಲರೂ ಓದುವ ಹಾಗೆ ಮಾಡಿಸಿಕೊಳ್ಳಲು ಬಯಸುವ ಹೊರಗಿನ ಸಂಸ್ಥೆಗಳಿಂದ ಸ್ವಲ್ಪ ಜಾಸ್ತಿ ತೆಗೆದುಕೊಳ್ಳಬಹುದು. ಬಂದ ಹಣದಲ್ಲಿ ಮೊದಲ ಸಂಭಾವನೆ, ಫೈಲ್ ಪರೀಕ್ಷಿಸುವ ಅಂಧ ವಿದ್ಯಾರ್ಥಿಗಳಿಗೆ. ಅವರು ಸರಿ ಅನ್ನದೆ ಯಾವ ಫೈಲೂ ಹೊರಗೆ ಹೋಗುವುದಿಲ್ಲ.

ಪರೀಕ್ಷೆಯ ವಿಷಯಕ್ಕೆ ಬರುತ್ತೇನೆ. ಫೈಲ್ ಮಾಡುವವರಿಗೆ ಪುರುಸೊತ್ತು ಇಲ್ಲದಿರುವುದೂ, ಓದುವವರಿಗೆ ಫೈಲ್ ತುರ್ತಾಗಿ ಬೇಕಾಗುವುದೂ ಒಂದೇ ವಾರದಲ್ಲಿ. ಹಾಗಾಗಿ ಇಡೀ ವರ್ಷದ ಕೆಲಸವನ್ನು ಪರೀಕ್ಷೆಯ ದಿನದಿಂದ ಹಿಂದಕ್ಕೆ ಎಣಿಸಿ ಜೋಡಿಸಿದೆವು. ರಜೆಯಲ್ಲೇ ಅಧ್ಯಾಪಕರಿಂದ ಪುಸ್ತಕಗಳ ಪಟ್ಟಿ ಪಡೆಯುವುದು, ಸೆಮಿಸ್ಟರ್ ಶುರುವಾಗುವ ಹೊತ್ತಿಗೆ ಮೊದಲ ಅಧ್ಯಾಯಗಳು ಸಿದ್ಧ ಇರುವುದು, ಪರೀಕ್ಷೆ ಹತ್ತಿರ ಬಂದಾಗ ಹೊಸ ಪುಸ್ತಕ ತೆಗೆದುಕೊಳ್ಳದಿರುವುದು. ಆಗದ ಕೆಲಸಕ್ಕೆ "ಆಗಲ್ಲ" ಅಂತ ಮೊದಲೇ ಹೇಳುವುದನ್ನೂ ಕಲಿಸಬೇಕು. ಇಪ್ಪತ್ತರ ವಯಸ್ಸಿನವರಿಗೆ ಅದು ತುಂಬ ಕಷ್ಟ. ಕೊನೆ ಗಳಿಗೆಯಲ್ಲಿ ಕೈ ಎತ್ತಿದರೆ ಮಾತ್ರ ಎದುರಿನವರಿಗೆ ಬೇರೆ ದಾರಿ ಹುಡುಕಲೂ ಸಮಯ ಇರುವುದಿಲ್ಲ.

ಕೊನೆಯ ವರ್ಷದವರು ವರ್ಷದ ನಡುವೆಯೇ ಕೈ ಬಿಡಬೇಕು. ಎರಡನೇ ಅರ್ಧ ಕಿರಿಯರದ್ದು, ಹಿರಿಯರು ಕೇಳಿದರೆ ಮಾತ್ರ ಹೇಳಬೇಕು. ನಾನು ಅತಿ ಹೆಚ್ಚು ಅಂಕ ಇಟ್ಟಿರುವುದು ಇದಕ್ಕೇ. ತಂಡಕ್ಕೆ ಹೊಸದಾಗಿ ಸೇರಿದ ಒಬ್ಬರನ್ನು ಕೂರಿಸಿ, ಹಿರಿಯರು ಬರೆದಿಟ್ಟ ಟಿಪ್ಪಣಿ ಕೈಗೆ ಕೊಡುತ್ತೇನೆ. ಯಾರಿಗೂ ಫೋನ್ ಮಾಡದೆ ಒಂದು ಅಧ್ಯಾಯ ಮುಗಿಸಲು ಆಯಿತಾ? ಎಲ್ಲಿ ಸಿಕ್ಕಿಕೊಂಡರೋ ಅಲ್ಲಿ ಟಿಪ್ಪಣಿ ಬರೆದವರ ಅಂಕ ಹೋಗುತ್ತದೆ. ಮೊದಮೊದಲು ಇದಕ್ಕೆ ವಿರೋಧ ಇತ್ತು. ಮಾಡಿದ ಕೆಲಸಕ್ಕೆ ಅಂಕ ಕೊಡಿ ಸರ್, ಬೇರೆಯವರು ಮಾಡಿದ್ದಕ್ಕೆ ಯಾಕೆ ಅನ್ನುತ್ತಿದ್ದರು. ನಿಯಮ ನಾನು ಬದಲಿಸಲಿಲ್ಲ. ಈಗ ಟಿಪ್ಪಣಿಗಳಲ್ಲಿ "ಈ ವಿಭಾಗಕ್ಕೆ ಮೇಲ್ ಮಾಡಿದರೆ ಉತ್ತರ ಬರಲ್ಲ, ಬೆಳಿಗ್ಗೆ ನೇರ ಹೋಗಿ" ಎನ್ನುವಂಥ ಸಾಲುಗಳೂ ಇರುತ್ತವೆ.

ಮೊದಲ ದಿನ ಪಿಡಿಎಫ್ ತೋರಿಸಿದ್ದ ವಿದ್ಯಾರ್ಥಿನಿ ಮುಂದೆ ತಾನೇ ಸಂಯೋಜಕಿಯಾದಳು. ಅವಳ ಸಭೆಯಲ್ಲಿ "ಇಲ್ಲಿ ನೋಡಿ" ಅಂತ ಸ್ಲೈಡ್ ಕಡೆ ಬೆರಳು ತೋರಿಸುವುದು ನಿಂತಿತು. ಮಾತಾಡುವವರು ಮೊದಲು ಹೆಸರು ಹೇಳಬೇಕಿತ್ತು, ಲೆಕ್ಕವನ್ನು ಓದಿ ಹೇಳಬೇಕಿತ್ತು. ಸಭೆಗಳು ಬೇಗ ಮುಗಿಯತೊಡಗಿದವು.

ಈ ಸಲದ ತಂಡ ಗಣಿತಕ್ಕೆ ಕೈ ಹಾಕಿದೆ. ಸಮೀಕರಣಗಳು ಚಿತ್ರವಾಗಿದ್ದರೆ ಸ್ಕ್ರೀನ್ ರೀಡರ್ ಓದುವುದಿಲ್ಲ, ಒಂದೊಂದನ್ನೂ ಮ್ಯಾತ್‌ಎಂಎಲ್, ಅಂದರೆ ಗಣಿತವನ್ನು ಕಂಪ್ಯೂಟರ್‌ಗೆ ತಿಳಿಯುವ ಹಾಗೆ ಗುರುತು ಮಾಡುವ ರೂಪದಲ್ಲಿ ಮತ್ತೆ ಬರೆಯಬೇಕು. ಕೇಳಿದವರು ಹಲವರಿದ್ದರೂ ಸದ್ಯಕ್ಕೆ ಒಂದೇ ಪುಸ್ತಕ ಒಪ್ಪಿಕೊಂಡಿದ್ದಾರೆ. ಉಳಿದವರಿಗೆ ಈ ಸೆಮಿಸ್ಟರ್ ಆಗುವುದಿಲ್ಲ ಅಂತ ರಜೆಯಲ್ಲೇ ತಿಳಿಸಿದ್ದಾರೆ.