ಅಮೆರಿಕದ ಕಾಲೇಜು ತಂಡದಲ್ಲಿ ಆಡಬೇಕೆ? ಕ್ರೆಡಿಟ್ ಲೆಕ್ಕ ಹೀಗೆ ಹಾಕಿ

ಟೆನಿಸ್, ಈಜು, ಗಾಲ್ಫ್ ಸ್ಕಾಲರ್‌ಶಿಪ್ ಮೇಲೆ ಅಮೆರಿಕಕ್ಕೆ ಹೊರಡುವ ಮಕ್ಕಳ ಮನೆಯಲ್ಲಿ ಮಾತೆಲ್ಲ ರ‍್ಯಾಂಕಿಂಗ್, ಕೋಚ್, ವೀಸಾ ಸುತ್ತಲೇ ಸುತ್ತುತ್ತದೆ. ಕ್ರೀಡಾ ಕೋಟಾದಲ್ಲಿ ಸೀಟು ಸಿಕ್ಕರೆ ಹಾಜರಾತಿಯಲ್ಲಿ ರಿಯಾಯಿತಿ ಕೇಳುವುದು ನಮ್ಮಲ್ಲಿ ರೂಢಿ. ಅಲ್ಲಿ ವ್ಯವಹಾರ ತಿರುಗುಮುರುಗು: ಓದು ಹಿಂದೆ ಬಿದ್ದರೆ ಆಟವೇ ನಿಲ್ಲುತ್ತದೆ. ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ಮೊದಲ ದರ್ಜೆ, ಅಂದರೆ ಡಿವಿಷನ್ 1ರ ನಿಯಮಗಳನ್ನು ಇಲ್ಲಿ ವಿವರಿಸಿದೆ.

ಮೊದಲ ಹೆಜ್ಜೆ: ಒಂಬತ್ತನೇ ತರಗತಿಯ ಅಂಕಪಟ್ಟಿ ಹುಡುಕಿ

ಎನ್‌ಸಿಎಎ ಅರ್ಹತಾ ಕೇಂದ್ರ ಒಂಬತ್ತನೇ ತರಗತಿಯಿಂದಲೇ ಪ್ರತಿ ವರ್ಷದ ದಾಖಲೆ ಕೇಳುತ್ತದೆ. ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿಗಳನ್ನು ಬೀರುವಿನಲ್ಲಿಟ್ಟು ಕಾಪಾಡುವವರೂ ಒಂಬತ್ತನೆಯದನ್ನು ಎಲ್ಲೋ ಕಳೆದಿರುತ್ತಾರೆ. ಶಾಲೆಯಿಂದ ಈಗಲೇ ದೃಢೀಕೃತ ಪ್ರತಿ ತೆಗೆಸಿಡಿ. ಕನ್ನಡದಲ್ಲಿದ್ದರೆ ದೃಢೀಕರಿಸಿದ ಇಂಗ್ಲಿಷ್ ಅನುವಾದವೂ ಬೇಕು.

ನಾಲ್ಕು ವರ್ಷಗಳಲ್ಲಿ 16 ‘ಕೋರ್’ ವಿಷಯಗಳು ಆಗಿರಬೇಕು: ಇಂಗ್ಲಿಷ್ 4, ಗಣಿತ 3, ವಿಜ್ಞಾನ 2, ಈ ಮೂರರಲ್ಲೇ ಇನ್ನೊಂದು, ಸಮಾಜ ವಿಜ್ಞಾನ 2. ಉಳಿದ 4ನ್ನು ಇವುಗಳಿಂದಲೋ ಬೇರೆ ಭಾಷೆಯಿಂದಲೋ ತುಂಬಿಸಬಹುದು. ಇಷ್ಟರಲ್ಲಿ ಜಿಪಿಎ (4ಕ್ಕೆ ಲೆಕ್ಕ ಹಾಕುವ ಸರಾಸರಿ ಗ್ರೇಡ್) 2.3 ಇರಬೇಕು. ದೈಹಿಕ ಶಿಕ್ಷಣದ ಅಂಕ ಇಲ್ಲಿ ಉಪಯೋಗಕ್ಕಿಲ್ಲ. ಎಸ್‌ಎಟಿ (ಅಮೆರಿಕದ ಕಾಲೇಜು ಪ್ರವೇಶ ಪರೀಕ್ಷೆ) ಅಂಕದ ಷರತ್ತನ್ನು 2023ರಲ್ಲಿ ತೆಗೆದುಹಾಕಲಾಗಿದೆ, ಆದರೆ ಪ್ರವೇಶಕ್ಕೆ ಕಾಲೇಜೇ ಅದನ್ನು ಕೇಳಿದರೆ ಬರೆಯಲೇಬೇಕು.

ಎರಡನೆಯದು: 12ರ ಗೆರೆ

ಓದಿನ ಹೊರೆಯನ್ನು ಅಲ್ಲಿ ಕ್ರೆಡಿಟ್‌ನಲ್ಲಿ ಅಳೆಯುತ್ತಾರೆ. ಪ್ರತಿ ಸೆಮಿಸ್ಟರ್ ಕನಿಷ್ಠ 12 ಕ್ರೆಡಿಟ್‌ಗೆ ನೋಂದಾಯಿಸಿರಬೇಕು. ಒಂದು ವಿಷಯಕ್ಕೆ ಸಾಮಾನ್ಯವಾಗಿ 3 ಕ್ರೆಡಿಟ್, ಅಂದರೆ ನಾಲ್ಕು ವಿಷಯ. ಆದರೆ ಸರಿಯಾಗಿ 12 ಮಾತ್ರ ತೆಗೆದುಕೊಳ್ಳುವುದು ಜಾಣತನವಲ್ಲ. ಕಷ್ಟವಾಯಿತೆಂದು ನಡುವೆ ಒಂದು ವಿಷಯ ಬಿಟ್ಟರೆ ಲೆಕ್ಕ 9ಕ್ಕೆ ಇಳಿಯುತ್ತದೆ, ಪಂದ್ಯವೂ ಅಭ್ಯಾಸವೂ ಅಲ್ಲಿಗೇ ನಿಲ್ಲುತ್ತವೆ. ಎಫ್-1 (ವಿದ್ಯಾರ್ಥಿ) ವೀಸಾದಲ್ಲಿರುವವರಿಗೆ ಇದು ಆಟವನ್ನೂ ಮೀರಿದ ತೊಂದರೆ. ಅನುಮತಿ ಇಲ್ಲದೆ ಪೂರ್ಣಾವಧಿಗಿಂತ ಕೆಳಗೆ ಇಳಿದರೆ ವೀಸಾ ಸ್ಥಾನಮಾನಕ್ಕೇ ಧಕ್ಕೆ. ಜತೆಗೆ, ಆ 12ರಲ್ಲಿ ಆನ್‌ಲೈನ್ ವಿಷಯ ಒಂದು (3 ಕ್ರೆಡಿಟ್) ಮಾತ್ರ ಲೆಕ್ಕಕ್ಕೆ ಬರುತ್ತದೆ. ಅಮೆರಿಕನ್ ಸಹಆಟಗಾರ ಪ್ರವಾಸದ ಸೆಮಿಸ್ಟರ್‌ನಲ್ಲಿ ಮೂರು ಆನ್‌ಲೈನ್ ವಿಷಯ ಹಾಕಿಕೊಂಡನೆಂದು ನೀವೂ ಹಾಕಿಕೊಳ್ಳುವಂತಿಲ್ಲ. 15ಕ್ಕೆ ನೋಂದಾಯಿಸಿ, ಬಿಡಬೇಕಾದರೆ ಒಂದನ್ನು ಬಿಡಲು ಜಾಗ ಇಟ್ಟುಕೊಳ್ಳಿ.

ಮೂರನೆಯದು: 6, 18, 24

ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ. ನೋಂದಾಯಿಸಿದ ಕ್ರೆಡಿಟ್ ಬೇರೆ, ಪಾಸಾಗಿ ಗಳಿಸಿದ ಕ್ರೆಡಿಟ್ ಬೇರೆ. ಗಳಿಕೆಯನ್ನು ಮೂರು ಕಡೆ ಅಳೆಯುತ್ತಾರೆ. ಪ್ರತಿ ಸೆಮಿಸ್ಟರ್ 6 ಗಳಿಸಿದರೆ ಮಾತ್ರ ಮುಂದಿನ ಸೆಮಿಸ್ಟರ್ ಆಡಬಹುದು. ಫಾಲ್ (ಆಗಸ್ಟ್–ಡಿಸೆಂಬರ್), ಸ್ಪ್ರಿಂಗ್ (ಜನವರಿ–ಮೇ) ಸೇರಿ 18 ಆಗಬೇಕು. ಎರಡನೇ ವರ್ಷ ಶುರುವಾಗುವ ಮೊದಲು 24 ಇರಬೇಕು.

ಬೇಸಿಗೆ ತರಗತಿಯ ಕ್ರೆಡಿಟ್ 24ಕ್ಕೆ ಸೇರುತ್ತದೆ. 6ಕ್ಕೂ 18ಕ್ಕೂ ಸೇರುವುದಿಲ್ಲ. ಒಂದು ಉದಾಹರಣೆ ನೋಡಿ. ಫಾಲ್‌ನಲ್ಲಿ 9, ಸ್ಪ್ರಿಂಗ್‌ನಲ್ಲಿ 9 ಗಳಿಸಿದವನಿಗೆ 18 ಆಯಿತು. ಬೇಸಿಗೆಯಲ್ಲಿ ಎರಡು ವಿಷಯ ಮುಗಿಸಿದರೆ 24 ಆಗಿ ಪಾರಾಗುತ್ತಾನೆ. ಆದರೆ ಸ್ಪ್ರಿಂಗ್‌ನ 9ರಲ್ಲಿ ಒಂದು, ಫಾಲ್‌ನಲ್ಲಿ ‘ಡಿ’ ಬಂದು ಪಾಸಾಗಿದ್ದ ವಿಷಯವನ್ನೇ ಗ್ರೇಡ್ ಏರಿಸಲು ಮತ್ತೆ ಓದಿದ್ದು ಎಂದಿಟ್ಟುಕೊಳ್ಳಿ. ಒಂದೇ ವಿಷಯಕ್ಕೆ ಎರಡು ಸಲ ಕ್ರೆಡಿಟ್ ಇಲ್ಲ. ಗಳಿಕೆ 15ಕ್ಕೆ ಬಂದು ನಿಲ್ಲುತ್ತದೆ, 18 ತಪ್ಪುತ್ತದೆ, ಬೇಸಿಗೆಯಲ್ಲಿ ಎಷ್ಟು ಓದಿದರೂ ಅದು ತುಂಬುವುದಿಲ್ಲ. ಫೇಲಾದ ವಿಷಯವನ್ನು ಮತ್ತೆ ಓದಿ ಪಾಸಾದರೆ ಮಾತ್ರ ಕ್ರೆಡಿಟ್ ಸಿಗುತ್ತದೆ. ಗ್ರೇಡ್ ಏರಿಸುವ ಆಸೆ ಇದ್ದರೆ, ಮರು ಓದನ್ನು ಮಾಮೂಲಿ ಹೊರೆಯ ಮೇಲೆ ಹೆಚ್ಚುವರಿಯಾಗಿ ಹಾಕಿಕೊಳ್ಳಿ.

‘ಡಬ್ಲ್ಯೂ’ (ನಡುವೆ ಬಿಟ್ಟದ್ದು), ‘ಐ’ (ಅಪೂರ್ಣ) ಎರಡಕ್ಕೂ ಕ್ರೆಡಿಟ್ ಶೂನ್ಯ. ‘ಐ’ ಇದ್ದರೆ ಪ್ರಾಧ್ಯಾಪಕರ ಬಳಿ ಕೂತು, ಮುಂದಿನ ಸೆಮಿಸ್ಟರ್ ಆರಂಭಕ್ಕೆ ಮೊದಲೇ ಗ್ರೇಡ್ ಬರುವಂತೆ ನೋಡಿಕೊಳ್ಳಿ.

ಅಮೆರಿಕನ್ ಫುಟ್‌ಬಾಲ್ ಆಟಗಾರರಿಗೆ ಇನ್ನಷ್ಟು ಬಿಗಿ: ಫಾಲ್‌ನಲ್ಲಿ 9 ಗಳಿಸದಿದ್ದರೆ ಮುಂದಿನ ಋತುವಿನ ಮೊದಲ ನಾಲ್ಕು ಪಂದ್ಯ ಹೊರಗೆ. ಸೆಮಿಸ್ಟರ್ ಬದಲು ಚಿಕ್ಕ ಅವಧಿಗಳಲ್ಲಿ ಪಾಠ ನಡೆಯುವ ‘ಕ್ವಾರ್ಟರ್’ ಪದ್ಧತಿಯ ಕಾಲೇಜುಗಳಲ್ಲಿ 18ರ ಬದಲು 27, 24ರ ಬದಲು 36.

ನಾಲ್ಕನೆಯದು: 40–60–80

ಮೂರನೇ ವರ್ಷದ ಆರಂಭಕ್ಕೆ ಪದವಿಯ ಶೇ 40, ನಾಲ್ಕನೆಯದಕ್ಕೆ ಶೇ 60, ಐದನೆಯದಕ್ಕೆ ಶೇ 80 ಮುಗಿದಿರಬೇಕು. 120 ಕ್ರೆಡಿಟ್ ಪದವಿಯಾದರೆ 48, 72, 96. ಮೇಜರ್, ಅಂದರೆ ಪದವಿಯ ಮುಖ್ಯ ವಿಷಯವನ್ನು ಮೂರನೇ ವರ್ಷದ ಆರಂಭದೊಳಗೆ ಘೋಷಿಸಬೇಕು. ಅಲ್ಲಿಂದ ಮುಂದೆ ಆ ಪದವಿಗೆ ಸಲ್ಲುವ ಕ್ರೆಡಿಟ್‌ಗಷ್ಟೇ ಬೆಲೆ.

ಮೆಕ್ಯಾನಿಕಲ್ ಎಂಜಿನಿಯರಿಂಗ್‌ನಲ್ಲಿ ಎರಡು ವರ್ಷಕ್ಕೆ 60 ಕ್ರೆಡಿಟ್ ಗಳಿಸಿದವಳು ಅರ್ಥಶಾಸ್ತ್ರಕ್ಕೆ ಹಾರಿದಳೆನ್ನಿ. ಹೊಸ ಪದವಿಗೆ ಅದರಲ್ಲಿ 44 ಮಾತ್ರ ಹೊಂದಿದರೆ, 48ಕ್ಕೆ 4 ಕಡಿಮೆ. ಟ್ರಾನ್‌ಸ್ಕ್ರಿಪ್ಟ್‌ನಲ್ಲಿ 60 ಇದ್ದೇ ಇರುತ್ತದೆ, ಅಂಗಳಕ್ಕಿಳಿಯಲು ಅದು ಸಾಲದು. ಆದ್ದರಿಂದ ಮೇಜರ್ ಬದಲಿಸುವ ಅರ್ಜಿಗೆ ಸಹಿ ಹಾಕುವ ಮೊದಲು, ಹೊಸ ಪದವಿಯಲ್ಲಿ ಶೇಕಡಾವಾರು ಎಷ್ಟಾಗುತ್ತದೆ ಎಂದು ಸಲಹೆಗಾರರಿಂದ ಬರಹದಲ್ಲಿ ಲೆಕ್ಕ ಹಾಕಿಸಿಕೊಳ್ಳಿ. ಬೇರೆ ಕಾಲೇಜಿಗೆ ವರ್ಗವಾಗುವಾಗಲೂ ಇದೇ ಕಂಟಕ.

2003ರಲ್ಲಿ ಈ ಏಣಿ ಬರುವ ಮೊದಲು ಅದು 25–50–75 ಇತ್ತು. ಪದವಿ ಮುಗಿಸಲಿ ಎಂಬ ಉದ್ದೇಶ ಸರಿಯೇ. ಆದರೆ ಎರಡನೇ ವರ್ಷದಲ್ಲೇ ಶೇ 40 ಕೇಳಿದರೆ ಆಟಗಾರರು ತಮಗೆ ಇಷ್ಟವಾದದ್ದನ್ನಲ್ಲ, ಕ್ರೆಡಿಟ್ ಸುಲಭವಾಗಿ ಹೊಂದುವ ವಿಷಯವನ್ನು ಆರಿಸುತ್ತಾರೆ. ಒಂದೇ ಮೇಜರ್‌ನಲ್ಲಿ ಅರ್ಧ ತಂಡ ಕೂತಿರುವ ದೃಶ್ಯಕ್ಕೆ ಈ ನಿಯಮವೂ ಒಂದು ಕಾರಣ.

ಜಿಪಿಎ ಪ್ರತ್ಯೇಕ. ಪದವಿಗೆ 2.0 ಕೇಳುವ ಕಾಲೇಜಿನಲ್ಲಿ ಎರಡನೇ ವರ್ಷದ ಆರಂಭಕ್ಕೆ 1.8, ಮೂರನೆಯದಕ್ಕೆ 1.9, ನಾಲ್ಕನೆಯದರಿಂದ 2.0 ಇರಬೇಕು.

ಯಾರನ್ನು ಕೇಳಬೇಕು?

ಕೋಚ್‌ರನ್ನಲ್ಲ. ಕ್ರೀಡಾ ವಿಭಾಗದ ಕಂಪ್ಲಯನ್ಸ್ (ನಿಯಮಪಾಲನೆ) ಅಧಿಕಾರಿ ಅರ್ಹತೆ ನೋಡುತ್ತಾರೆ, ವಿಭಾಗದ ಸಲಹೆಗಾರರು ಪದವಿ ನೋಡುತ್ತಾರೆ, ಅಂತಾರಾಷ್ಟ್ರೀಯ ವಿದ್ಯಾರ್ಥಿ ಕಚೇರಿ ವೀಸಾ ನೋಡುತ್ತದೆ. ಒಬ್ಬರು ‘ಸರಿ’ ಎಂದದ್ದು ಇನ್ನೊಬ್ಬರ ಪಟ್ಟಿಯಲ್ಲಿ ತಪ್ಪಾಗಿರಬಹುದು. ಯಾವುದೇ ವಿಷಯ ಬಿಡುವ ಮೊದಲು ಮೂವರಿಗೂ ಒಂದೇ ಇಮೇಲ್ ಕಳಿಸಿ, ಮೂರೂ ಉತ್ತರ ಬಂದ ಮೇಲೆ ಗುಂಡಿ ಒತ್ತಿ. ನಿಯಮಪುಸ್ತಕ ಆಗಾಗ ತಿದ್ದುಪಡಿಯಾಗುವುದರಿಂದ ಹಿರಿಯ ಆಟಗಾರರ ನೆನಪಿನ ಲೆಕ್ಕವನ್ನು ನೆಚ್ಚಬೇಡಿ.

ಡಿವಿಷನ್ 2ರಲ್ಲಿ ಸೆಮಿಸ್ಟರ್‌ಗೆ 9, ವರ್ಷಕ್ಕೆ 24 ಕ್ರೆಡಿಟ್, ಜಿಪಿಎ 2.0. ಡಿವಿಷನ್ 3ರಲ್ಲಿ ಕ್ರೀಡಾ ಸ್ಕಾಲರ್‌ಶಿಪ್ ಇಲ್ಲ. ಓದಿನ ಮಾನದಂಡವನ್ನು ಆಯಾ ಕಾಲೇಜೇ ನಿಗದಿ ಮಾಡುತ್ತದೆ.