ಟೆಸ್ಟನ್ನು ಮಲಗಿಸಬೇಡಿ, ಕಾಯಲು ಬಿಡಿ

ಮಂಡ್ಯದ ಬೆಲ್ಲದ ಮಂಡಿಗೆಂದು ಒಂದು ಬಿಲ್ ಪುಟ ಮಾಡಿದ್ದೀರಿ ಎಂದುಕೊಳ್ಳಿ. ತೂಕದ ಜಾಗದಲ್ಲಿ 24 ಕ್ವಿಂಟಲ್, ದರದ ಜಾಗದಲ್ಲಿ 4,250 ರೂಪಾಯಿ ತುಂಬಿದರೆ, ಪುಟ ಮತ್ತೆ ಲೋಡ್ ಆಗದೆಯೇ ಕೆಳಗೆ ‘ಒಟ್ಟು ₹1,02,000’ ಎಂದು ಬರಬೇಕು. ಈ ಲೆಕ್ಕ ಮಾಡುವುದು ಜಾವಾಸ್ಕ್ರಿಪ್ಟ್. ಕೋಡ್ ಸರಿಯಿದೆಯೇ ಎಂದು ತಾನೇ ನೋಡುವ ಪುಟ್ಟ ಪ್ರೋಗ್ರಾಮೇ ಟೆಸ್ಟ್. ಬ್ರೌಸರ್ ತೆರೆಯದ ಮಾಡೆಲ್ ಟೆಸ್ಟ್, ಕಂಟ್ರೋಲರ್ ಟೆಸ್ಟ್ ಎಷ್ಟು ಬರೆದರೂ ಈ ಲೆಕ್ಕದ ತಪ್ಪು ಸಿಕ್ಕುವುದಿಲ್ಲ, ನಿಜವಾದ ಬ್ರೌಸರನ್ನೇ ತೆರೆದು ನೋಡಬೇಕು. ವೆಬ್ ಆ್ಯಪ್ ಕಟ್ಟುವ ಚೌಕಟ್ಟಾದ ರೂಬಿ ಆನ್ ರೈಲ್ಸ್‌ನಲ್ಲಿ 2017ರಲ್ಲಿ ಬಂದ 5.1ನೇ ಆವೃತ್ತಿಯಿಂದ ಇದಕ್ಕೆ ಸಿಸ್ಟಮ್ ಟೆಸ್ಟ್ ಜೊತೆಗೇ ಬರುತ್ತದೆ. ಸೆಲೆನಿಯಂ ಎಂಬ ಸಾಧನ ಕ್ರೋಮ್ ಬ್ರೌಸರನ್ನು ಓಡಿಸುತ್ತದೆ. ಏನು ತುಂಬಬೇಕು, ಎಲ್ಲಿ ಒತ್ತಬೇಕು ಎಂಬುದನ್ನು ನೀವು ಕ್ಯಾಪಿಬಾರಾ ಎಂಬ ರೂಬಿ ಲೈಬ್ರರಿಯ ಮೂಲಕ ಬರೆಯುತ್ತೀರಿ.

ಹಂತ 1: ಸಿದ್ಧತೆ. ಸೆಲೆನಿಯಂ 4.11 ಅಥವಾ ಅದಕ್ಕಿಂತ ಹೊಸದನ್ನು ಹಾಕಿ. ಕ್ರೋಮ್‌ಗೆ ಹೊಂದುವ ಡ್ರೈವರನ್ನು (ಸೆಲೆನಿಯಂಗೂ ಬ್ರೌಸರಿಗೂ ನಡುವಿನ ಕೊಂಡಿ) ಅದೇ ಹುಡುಕಿ ತರುತ್ತದೆ. ಹಳೆಯ ಪ್ರಾಜೆಕ್ಟಿನ ಜೆಮ್‌ಫೈಲ್‌ನಲ್ಲಿ (ಬಳಸುವ ರೂಬಿ ಲೈಬ್ರರಿಗಳ, ಅಂದರೆ ಜೆಮ್‌ಗಳ ಪಟ್ಟಿ) ಮೊದಲು ಈ ಕೆಲಸ ಮಾಡುತ್ತಿದ್ದ ‘ವೆಬ್‌ಡ್ರೈವರ್ಸ್’ ಜೆಮ್ ಇನ್ನೂ ಇದ್ದರೆ ತೆಗೆದುಹಾಕಿ. ಕ್ರೋಮ್ ತಾನಾಗಿ ಅಪ್‌ಡೇಟ್ ಆಗಿ, ಡ್ರೈವರ್ ಹಳೆಯದೇ ಉಳಿದು ‘ಸೆಷನ್ ನಾಟ್ ಕ್ರಿಯೇಟೆಡ್’ ಎಂದು ಬರುವ ತಲೆನೋವಿನ ಮೂಲ ಬಹುಪಾಲು ಇಂಥದ್ದೇ.

ಹಂತ 2: ಬ್ರೌಸರ್ ಆಯ್ಕೆ. ಸಿಸ್ಟಮ್ ಟೆಸ್ಟಿನ ಮೂಲ ಕಡತದಲ್ಲಿ ‘ಹೆಡ್‌ಲೆಸ್ ಕ್ರೋಮ್’ (ಕಿಟಕಿ ತೋರಿಸದೆ ಓಡುವ ಕ್ರೋಮ್) ಎಂದೂ, ಪರದೆ ಅಳತೆ 1400 × 1400 ಎಂದೂ ಕೊಡಿ. ಅಳತೆ ಕೊಡದೆ ಬಿಡಬೇಡಿ. ಪರದೆ ಚಿಕ್ಕದಾದರೆ ಮೇಲೆ ಅಂಟಿಕೊಂಡಿರುವ ಮೆನುಪಟ್ಟಿ ‘ಉಳಿಸಿ’ ಬಟನ್ನಿನ ಮೇಲೆ ಕೂರುತ್ತದೆ, ಕ್ಲಿಕ್ ಮೆನುಪಟ್ಟಿಗೆ ತಾಗುತ್ತದೆ.

ಹಂತ 3: ತುಂಬುವುದು. ‘ಫಿಲ್ ಇನ್’ಗೆ ಲೇಬಲ್‌ನ ಹೆಸರನ್ನೇ ಕೊಡಿ: ತೂಕ, 24. ಲೇಬಲ್ ಮತ್ತು ಇನ್‌ಪುಟ್ ಐಡಿಯಿಂದ ಜೋಡಣೆಯಾಗಿರಬೇಕು. ನಿಮ್ಮ ಜಾವಾಸ್ಕ್ರಿಪ್ಟ್ ‘ಚೇಂಜ್’ ಈವೆಂಟಿಗೆ (ಬೆಲೆ ಬದಲಾಯಿತೆಂದು ಬ್ರೌಸರ್ ಕೊಡುವ ಸೂಚನೆ) ಕಿವಿಗೊಟ್ಟಿದ್ದರೆ ಇಲ್ಲೊಂದು ತೊಡಕಿದೆ. ಕರ್ಸರ್ ಆ ಜಾಗ ಬಿಟ್ಟು ಹೊರಬರುವವರೆಗೆ ಆ ಈವೆಂಟ್ ಹುಟ್ಟುವುದಿಲ್ಲ. ತೂಕ ತುಂಬಿ ದರಕ್ಕೆ ಹೋದಾಗ ತೂಕದ್ದು ಹುಟ್ಟುತ್ತದೆ, ಕೊನೆಯದಾದ ದರದ್ದು ಹುಟ್ಟದೆಯೇ ಉಳಿಯುತ್ತದೆ. ದರ ತುಂಬಿದ ಮೇಲೆ ಒಂದು ಟ್ಯಾಬ್ ಕೀ ಕಳಿಸಿ.

ಹಂತ 4: ಪರೀಕ್ಷಿಸುವುದು. ಹತ್ತರಲ್ಲಿ ಒಂಬತ್ತು ಮಂದಿ ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ನೋಡೋಣ.

ಸಾಮಾನ್ಯವಾಗಿ ಬರೆಯುವುದು ಹೀಗೆ: ‘ಒಟ್ಟು’ ಇರುವ ಜಾಗವನ್ನು ‘ಫೈಂಡ್’ನಿಂದ ಹುಡುಕಿ, ಅದರ ‘ಟೆಕ್ಸ್ಟ್’ ತೆಗೆದು, ‘ಅಸರ್ಟ್ ಈಕ್ವಲ್’ನಿಂದ ₹1,02,000ಕ್ಕೆ ಹೋಲಿಸುವುದು. ಮೇಲ್ನೋಟಕ್ಕೆ ಸರಿ. ಆದರೆ ‘ಫೈಂಡ್’ ಕಾಯುವುದು ಆ ಜಾಗ ಪುಟದಲ್ಲಿ ಕಾಣುವವರೆಗೆ ಮಾತ್ರ. ಅದು ಮೊದಲೇ ಅಲ್ಲಿದೆ, ಒಳಗೆ ₹0 ಇದೆ. ತಕ್ಷಣ ₹0 ಓದಿಕೊಂಡು ಟೆಸ್ಟ್ ಬೀಳುತ್ತದೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಲೆಕ್ಕ ಬೇಗ ಮುಗಿದು ಪಾಸ್, ಟೆಸ್ಟ್ ಓಡಿಸುವ ನಿಧಾನದ ಸರ್ವರಿನಲ್ಲಿ ಫೇಲ್.

ಆಗ ಎಲ್ಲರ ಕೈ ಹೋಗುವುದು ‘ಸ್ಲೀಪ್ 5’ರ ಕಡೆಗೆ. ದಯವಿಟ್ಟು ಹಾಕಬೇಡಿ. ಲೆಕ್ಕ ಅರ್ಧ ಸೆಕೆಂಡಿನಲ್ಲಿ ಮುಗಿದರೂ ಟೆಸ್ಟ್ ಐದು ಸೆಕೆಂಡ್ ಸುಮ್ಮನೆ ಮಲಗಿರುತ್ತದೆ; ಸರ್ವರ್ ಆರು ತೆಗೆದುಕೊಂಡ ದಿನ ಹೇಗೂ ಬೀಳುತ್ತದೆ. ಇಂಥ ಅರವತ್ತು ಸ್ಲೀಪ್ ಸೇರಿದರೆ ಐದು ನಿಮಿಷ ಪೋಲು.

ಸರಿಯಾದ ದಾರಿ ‘ಅಸರ್ಟ್ ಸೆಲೆಕ್ಟರ್’. ಜಾಗದ ಐಡಿ ಮತ್ತು ಅದರಲ್ಲಿ ಇರಬೇಕಾದ ಪಠ್ಯ ಎರಡನ್ನೂ ಒಂದೇ ಸಾಲಿನಲ್ಲಿ ಕೊಡಿ. ಎರಡೂ ಕೂಡಿಬರುವವರೆಗೆ ಕ್ಯಾಪಿಬಾರಾ ಮತ್ತೆ ಮತ್ತೆ ನೋಡುತ್ತದೆ, ಬಂದ ಕ್ಷಣ ಮುಂದೆ ಹೋಗುತ್ತದೆ. ಅದರ ಮಾಮೂಲಿ ಗಡುವು 2 ಸೆಕೆಂಡ್. ನಿಧಾನದ ಸರ್ವರಿಗೆ 5 ಮಾಡಿಕೊಳ್ಳಿ, ಅದಕ್ಕಿಂತ ಹೆಚ್ಚು ಬೇಡ.

ಇಲ್ಲದ್ದನ್ನು ಪರೀಕ್ಷಿಸುವಾಗಲೂ ಇದೇ ಎಚ್ಚರ ಬೇಕು. ‘ಲೆಕ್ಕ ಹಾಕಲಾಗುತ್ತಿದೆ…’ ಎಂಬ ಸಾಲು ಹೋಯಿತೇ ಎಂದು ನೋಡಲು ‘ಹ್ಯಾಸ್ ಟೆಕ್ಸ್ಟ್’ಗೆ ನಕಾರ ಸೇರಿಸಬೇಡಿ. ಸಾಲು ಇನ್ನೂ ಇರುವಾಗಲೇ ಅದು ‘ಇದೆ’ ಎಂದು ಉತ್ತರ ಕೊಟ್ಟುಬಿಡುತ್ತದೆ. ‘ಅಸರ್ಟ್ ನೋ ಟೆಕ್ಸ್ಟ್’ ಆದರೆ ಸಾಲು ಅಳಿಯುವವರೆಗೆ ಕಾಯುತ್ತದೆ.

‘ಉಳಿಸಿ’ ಒತ್ತಿದ ಮರುಸಾಲಿನಲ್ಲೇ ಡೇಟಾಬೇಸಿನಲ್ಲಿ ಬಿಲ್ ಎಣಿಸುವುದೂ ಇದೇ ಜಾತಿಯ ತಪ್ಪು. ಕ್ಲಿಕ್ ಆಯಿತೆಂದರೆ ಸರ್ವರ್ ಬರೆದು ಮುಗಿಸಿತು ಎಂದಲ್ಲ. ಮೊದಲು ‘ಬಿಲ್ ಉಳಿಸಲಾಗಿದೆ’ ಎಂಬುದು ಪರದೆಯಲ್ಲಿ ಕಾಣಲಿ, ಆಮೇಲೆ ಎಣಿಸಿ.

ಹಂತ 5: ಓಡಿಸುವುದು. ಬರೀ ‘ರೈಲ್ಸ್ ಟೆಸ್ಟ್’ ಎಂದರೆ ಸಿಸ್ಟಮ್ ಟೆಸ್ಟ್‌ಗಳು ಓಡುವುದಿಲ್ಲ. ‘ಟೆಸ್ಟ್’ ಪಕ್ಕ ಕೋಲನ್ ಹಾಕಿ ‘ಸಿಸ್ಟಮ್’ ಎಂದು ಸೇರಿಸಬೇಕು. ಡಾಕರ್‌ನಲ್ಲಿ (ಪ್ರೋಗ್ರಾಮನ್ನು ಪ್ರತ್ಯೇಕ ಡಬ್ಬಿಯಂತೆ ಓಡಿಸುವ ಸಾಧನ) ಓಡಿಸುವವರು ನೆನಪಿಡಿ: ಅಲ್ಲಿ ಹಂಚಿಕೆಯ ಮೆಮೊರಿ ಮಾಮೂಲಿಯಾಗಿ 64 ಎಂಬಿ ಮಾತ್ರ, ಕ್ರೋಮ್ ನಡುವೆಯೇ ಸಾಯಬಹುದು. ಅದನ್ನು ಹೆಚ್ಚಿಸಿ.

ಬಿದ್ದಾಗ. ಟಿಎಂಪಿ ಫೋಲ್ಡರಿನ ‘ಸ್ಕ್ರೀನ್‌ಶಾಟ್ಸ್’ನಲ್ಲಿ ಚಿತ್ರವಿರುತ್ತದೆ, ಮೊದಲು ಅದನ್ನು ತೆರೆಯಿರಿ. ಕನ್ನಡದ ಜಾಗದಲ್ಲಿ ಬರೀ ಚೌಕಗಳಿದ್ದರೆ ಸರ್ವರಿನಲ್ಲಿ ಫಾಂಟ್ ಇಲ್ಲ ಎಂದರ್ಥ. ಡೆಬಿಯನ್, ಉಬುಂಟುಗಳಲ್ಲಿ ಗುಬ್ಬಿ ಫಾಂಟಿನ ಪ್ಯಾಕೇಜ್ ಸಿಗುತ್ತದೆ. ಟೆಸ್ಟ್ ಬಿದ್ದದ್ದಕ್ಕೆ ಅದು ಕಾರಣವಲ್ಲ, ಚಿತ್ರ ಓದಲು ಬೇಕಷ್ಟೆ. ₹102,000 ಎಂದು ಅಲ್ಪವಿರಾಮ ತಪ್ಪಾಗಿ ಬಿದ್ದಿದ್ದರೆ ಸಂಖ್ಯೆಗೆ ಅಲ್ಪವಿರಾಮ ಹಾಕುವ ಜಾವಾಸ್ಕ್ರಿಪ್ಟಿನ ‘ಟು ಲೊಕೇಲ್ ಸ್ಟ್ರಿಂಗ್’ಗೆ ಭಾಷೆ ಕೊಡದೆ ಬಿಟ್ಟಿದ್ದೀರಿ. ಸರ್ವರಿನ ಕ್ರೋಮ್ ಅಮೆರಿಕದ ಕ್ರಮ ಹಿಡಿದಿದೆ.

ಇನ್ನೊಂದು ಕಣ್ಣಿಗೆ ಕಾಣದ ದೋಷ. ಪರದೆಯಲ್ಲಿ ‘ಲಷ್ಕರ್ ಮೊಹಲ್ಲಾ, ಮೈಸೂರು’ ಎಂದು ಸ್ಪಷ್ಟವಾಗಿ ಇರುತ್ತದೆ, ಟೆಸ್ಟ್ ಮಾತ್ರ ಇಲ್ಲ ಎನ್ನುತ್ತದೆ. ‘ರ್’ ಆದಮೇಲೆ ಒಂದು ಕಡೆ ಅಗೋಚರ ಜೋಡಣೆ-ತಡೆ ಅಕ್ಷರ ಇರಬಹುದು, ಇನ್ನೊಂದು ಕಡೆ ಇಲ್ಲದಿರಬಹುದು. ‘ಮೊ’ದ ಒತ್ವವೂ ಹಾಗೆಯೇ: ಒಂದೇ ಸಂಕೇತವಾಗಿ ಇರಬಹುದು, ಎತ್ವ ಮತ್ತು ಊತ್ವ ಎಂಬ ಎರಡು ಸಂಕೇತವಾಗಿಯೂ ಇರಬಹುದು. ಉಳಿಸುವ ಮುನ್ನ ಯೂನಿಕೋಡ್ ಎನ್‌ಎಫ್‌ಸಿ ರೂಪಕ್ಕೆ (ಬಿಡಿ ಸಂಕೇತಗಳನ್ನು ಒಂದಾಗಿ ಕೂಡಿಸುವ ರೂಪ) ತಂದರೆ ಎರಡನೆಯದು ಸರಿಹೋಗುತ್ತದೆ. ಮೊದಲನೆಯದು ಹಾಗೆ ಹೋಗುವುದಿಲ್ಲ. ಟೆಸ್ಟಿನ ಸಾಲನ್ನೂ ಪುಟದ ಸಾಲನ್ನೂ ಒಂದೇ ಭಾಷಾ ಕಡತದಿಂದ ತೆಗೆದುಕೊಳ್ಳಿ.